ರದ್ದಾದ ಕ್ಷೇತ್ರದ ಗೊಡವೆ ನಮಗೇಕೆ?

ಪತ್ರ: ಕೊಳ್ಳೇಗಾಲ ವಿಧಾನಸಭಾ ಕ್ಷೇತ್ರವನ್ನು ಕುರಿತ ನಿಮ್ಮ ಲೇಖನದಲ್ಲಿ, ಎಂದೋ ರದ್ದಾದ ಸಂತೇಮರಹಳ್ಳಿ ಕ್ಷೇತ್ರಕ್ಕೆ ಅಷ್ಟೊಂದು ಜಾಗ ಕೊಟ್ಟದ್ದೇಕೆ? ಇಂದಿನ ಮತದಾರರಿಗೆ ಬೇಕಾದದ್ದು ಜಾತಿವಾರು ಲೆಕ್ಕ. ಅದನ್ನು ಪ್ರಕಟಿಸಿ.
— ಓದುಗರೊಬ್ಬರು, ಚಾಮರಾಜನಗರ

ಉತ್ತರ: ಜನಸಂಖ್ಯೆ ಏರುಪೇರಾದಾಗ ಕ್ಷೇತ್ರಗಳ ಗಡಿಯೂ ಬದಲಾಗಬೇಕೆಂಬುದು ನ್ಯಾಯವೇ, 2008ರ ಮರುವಿಂಗಡಣೆಯನ್ನು ನಾವು ದೂರುತ್ತಿಲ್ಲ. ಆದರೆ ಗಡಿ ಅಳಿಸಿತೆಂದು ಅದರೊಳಗೆ ನಡೆದದ್ದನ್ನೂ ಅಳಿಸಬಹುದೆಂಬ ನಿಮ್ಮ ಧೋರಣೆಯನ್ನು ಮಾತ್ರ ಒಪ್ಪಲಾರೆವು.

2004ರ ಚುನಾವಣೆಯಲ್ಲಿ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು ಬಂದವು. ಜನತಾದಳದ (ಜಾತ್ಯತೀತ) ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಕೃಷ್ಣಮೂರ್ತಿಯವರು ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಅಂದು ಮತ ಹಾಕಲಾಗಲಿಲ್ಲ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಯಳಂದೂರು, ಚಾಮರಾಜನಗರ, ತಿ. ನರಸೀಪುರದ ರಸ್ತೆಗಳು ಕೂಡುವ ಸಂತೇಮರಹಳ್ಳಿಯ ವೃತ್ತದಲ್ಲಿ ಚಹಾ ಕುಡಿಯುತ್ತಾ ಈ ಸುದ್ದಿ ಎತ್ತಿದರೆ ಸಾಕು, "ಆ ಓಟು ನಮ್ಮೂರ್ದೇ ಕಣ್ ಸಾ" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಸೋಲಿಗೆ ಕಾರಣವಾದ ಕೀರ್ತಿಯನ್ನು ಹೀಗೆ ಊರೂರೂ ಹಂಚಿಕೊಂಡ ಉದಾಹರಣೆ ನಮಗೆ ಬೇರೆಲ್ಲೂ ಕಂಡಿಲ್ಲ.

ಅದು ಮುಗಿದ ಕಥೆಯೂ ಅಲ್ಲ. ಕ್ಷೇತ್ರ ರದ್ದಾದ ಮೇಲೆ ಧ್ರುವನಾರಾಯಣ ಕೊಳ್ಳೇಗಾಲಕ್ಕೆ ಬಂದು ಗೆದ್ದರು, ಮರುವರ್ಷವೇ ಲೋಕಸಭೆಗೆ ಹೋದರು, 2019ರಲ್ಲಿ ವಿ. ಶ್ರೀನಿವಾಸಪ್ರಸಾದ್ ಅವರೆದುರು 1,817 ಮತಗಳಿಂದ ಸೋತರು. ಕೃಷ್ಣಮೂರ್ತಿಯವರು ಕಾಂಗ್ರೆಸ್ ಸೇರಿ 2018ರಲ್ಲಿ ಕೊಳ್ಳೇಗಾಲದಲ್ಲಿ ನಿಂತಾಗ, ಬಹುಜನ ಸಮಾಜ ಪಕ್ಷದ ಎನ್. ಮಹೇಶ್ ಗೆದ್ದು ಸಚಿವರೂ ಆದರು. 2023ರಲ್ಲಿ, ಅಷ್ಟರೊಳಗೆ ಬಿಜೆಪಿ ಸೇರಿದ್ದ ಅದೇ ಮಹೇಶ್ ಅವರನ್ನು ಕೃಷ್ಣಮೂರ್ತಿಯವರು ಸುಮಾರು 59 ಸಾವಿರ ಮತಗಳಿಂದ ಮಣಿಸಿದರು. ಧ್ರುವನಾರಾಯಣ ತೀರಿಕೊಂಡು ಆಗ ಎರಡು ತಿಂಗಳಾಗಿತ್ತಷ್ಟೆ. ಸಂತೇಮರಹಳ್ಳಿಯನ್ನು ಬಿಟ್ಟು ಇಂದಿನ ಕೊಳ್ಳೇಗಾಲದ ಕಥೆ ಹೇಳುವುದು ಹೇಗೆಂದು ನೀವೇ ತಿಳಿಸಿ.

ಇನ್ನೂ ಹಿಂದಕ್ಕೆ ಹೋದರೆ, 1952ರಲ್ಲಿ ಕೊಳ್ಳೇಗಾಲದವರು ಮತ ಹಾಕಿದ್ದು ಮದ್ರಾಸ್ ವಿಧಾನಸಭೆಗೆ. ಅಂದು ಅದು ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಪಕ್ಕದ ಯಳಂದೂರಿನವರು ಅದೇ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಗೆ ಮತ ಹಾಕಿದರು. ಎರಡು ರಾಜ್ಯಗಳ ಮತದಾರರಾಗಿದ್ದವರ ಮೊಮ್ಮಕ್ಕಳು ಇಂದು ಒಬ್ಬನೇ ಶಾಸಕನನ್ನು ಆರಿಸುತ್ತಿದ್ದಾರೆ. ಫಲಿತಾಂಶದ ದಿನ ಬೆಳಗಿನಿಂದ ಸಂಜೆಯವರೆಗೆ ಗಂಟಲು ಹರಿದುಕೊಳ್ಳುವ ಟಿವಿ ಪಂಡಿತರಲ್ಲಿ ಯಾರಾದರೂ ಇದನ್ನು ಹೇಳಿದ್ದನ್ನು ನೀವು ಕೇಳಿದ್ದೀರಾ? ಅವರಿಗೆ ಕ್ಷೇತ್ರವೆಂದರೆ ಮೂರು ಜಾತಿ, ಎರಡು ಮನೆತನ, ಒಂದು ಟಿಕೆಟ್ಟು. ಪತ್ರಿಕೆಗಳೂ ಅದನ್ನೇ ಮರುದಿನ ಅಚ್ಚು ಹಾಕುತ್ತವೆ. ಶಾಲೆ, ಕಾಲುವೆ, ರೇಷ್ಮೆಗೂಡಿನ ಬೆಲೆ ಯಾವ ಚುನಾವಣೆಯಲ್ಲಿ ಎಷ್ಟು ಕೆಲಸ ಮಾಡಿತೆಂದು ಕೇಳುವ ವರದಿಗಾರನಿಗೆ ಬಸ್ ಚಾರ್ಜು ಕೊಡುವ ಸಂಪಾದಕರೂ ಈಗ ಅಪರೂಪ.

ಪತ್ರಿಕೆಯನ್ನು ಇಷ್ಟು ಗಮನವಿಟ್ಟು ಓದಿ ಜಗಳಕ್ಕೆ ಬಂದ ನಿಮ್ಮ ಮೇಲೆ ನಮಗೆ ಪ್ರೀತಿಯೇ ಇದೆ. ಆದರೂ ನೀವು ಕೇಳಿದ ಜಾತಿವಾರು ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಚುನಾವಣಾ ಆಯೋಗದ ಮತದಾರರ ಪಟ್ಟಿಯಲ್ಲಿ ಜಾತಿಯ ಕಾಲಂ ಇಲ್ಲ. ಪ್ರತಿ ಚುನಾವಣೆಯಲ್ಲೂ ಅಚ್ಚಾಗುವ ಆ ದುಂಡು ಸಂಖ್ಯೆಗಳು ಪಕ್ಷದ ಕಚೇರಿಗಳಲ್ಲೇ ಹುಟ್ಟಿದವು.
— ಸಂಪಾದಕ