ಓದುಗರ ಪ್ರಶ್ನೆ, ನಮ್ಮ ಉತ್ತರ: ರೈಫಲ್ ಬೋಲ್ಟ್ ಹಿಡಿಕೆಗೆ ಹೊಸ ರೂಪ

ಪ್ರಶ್ನೆ: ತಂದೆಯವರ .315 ಇಶಾಪುರ ರೈಫಲ್ ಈಗ ನನ್ನ ಲೈಸೆನ್ಸಿನಲ್ಲಿದೆ. ಬೋಲ್ಟ್ ಹಿಡಿಕೆಯ ಕಪ್ಪು ಬಣ್ಣ ಹೋಗಿ ಬೆಳ್ಳಗೆ ಕಾಣುತ್ತಿದೆ. ಪಾಲಿಶ್ ಮಾಡಿಸಿ ಮತ್ತೆ ಕಪ್ಪು ಮಾಡಿಸಬೇಕು. ಏನೇನು ನೋಡಿಕೊಳ್ಳಬೇಕು? (ಮುಧೋಳದ ಓದುಗರು)

ಉತ್ತರ: ಎಲ್ಲಕ್ಕಿಂತ ಮೊದಲು ಹಿಡಿಕೆಯ ಬುಡವನ್ನು ಹಿಂದಿನಿಂದ ನೋಡಿ. ನಿಮ್ಮದು ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟ್ (ಗುಂಡನ್ನು ನಳಿಗೆಗೆ ತಳ್ಳಿ ಹಿಂಬದಿ ಮುಚ್ಚುವ ಉಕ್ಕಿನ ತುಂಡು). ಈ ಮಾದರಿಯಲ್ಲಿ ನಂಬರ್ ಒತ್ತಿರುವುದು ಸಾಮಾನ್ಯವಾಗಿ ಅಲ್ಲೇ. ಎಮರಿ ಪೇಪರ್ ಅದರ ಮೇಲೆ ಮತ್ತೆ ಮತ್ತೆ ಓಡಾಡಿದರೆ ಅಂಕಿಗಳ ಅಂಚು ಸವೆದು 3 ಯಾವುದು, 8 ಯಾವುದು ಗೊತ್ತಾಗದು. ಗುರುತಿನ ನಂಬರ್ ಅಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಹಾಗಾಗಿ ಪಾಲಿಶ್ ಬುಡಕ್ಕಿಂತ ಒಂದು ಬೆರಳು ಈಚೆಗೇ ನಿಲ್ಲಲಿ. ನಂಬರಿನ ಮೇಲೆ ಎರಡು ಪದರ ಟೇಪ್ ಸುತ್ತಿಸಿ.

ಒರೆಸುವುದು, ಎಣ್ಣೆ ಹಾಕುವುದು ನಿಮ್ಮ ಕೆಲಸ. ಲೋಹ ಉಜ್ಜುವ, ಕೊರೆಯುವ, ಬಣ್ಣ ಕಟ್ಟುವ ಕೆಲಸವನ್ನು ರಿಪೇರಿ ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೇ ಕೊಡಿ, ರಸೀದಿ ಪಡೆಯಿರಿ. ಆದರೆ ಕೆಲಸ ಹೇಗೆ ನಡೆಯುತ್ತದೆಂದು ತಿಳಿದಿದ್ದರೆ ಸರಿಯಾಗಿ ಕೇಳಿ ಮಾಡಿಸಿಕೊಳ್ಳಬಹುದು. 320, 400, 600 ನಂಬರಿನ ಪೇಪರ್ ಇದೇ ಕ್ರಮದಲ್ಲಿ ಬರಬೇಕು. ಪ್ರತಿ ಸಲ ಹಿಂದಿನ ಗೀರುಗಳಿಗೆ ಅಡ್ಡಲಾಗಿ ಉಜ್ಜಿದರೆ ಹಳೆಯ ಗೀರು ಉಳಿದಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ಆಮೇಲೆ ಅಸಿಟೋನಿನಿಂದ ಜಿಡ್ಡು ತೆಗೆದು, ಅಲ್ಲಿಂದ ಮುಂದೆ ಬರಿಗೈ ತಾಗಿಸಬಾರದು. ಬೆರಳಿನ ಜಿಡ್ಡು ಉಳಿದ ಕಡೆ ಬಣ್ಣ ಹಿಡಿಯದೆ ಮಚ್ಚೆ ಬೀಳುತ್ತದೆ.

ಕಾಯಿಸದೆ ಹಚ್ಚಿ ಕಪ್ಪು ಮಾಡುವ ಕೋಲ್ಡ್ ಬ್ಲೂ ದ್ರಾವಣ ಅಗ್ಗ, ಕೆಲಸವೂ ಬೇಗ. ಹತ್ತಿಯಲ್ಲಿ ಹಚ್ಚಿ ಅರ್ಧದಿಂದ ಒಂದು ನಿಮಿಷ ಬಿಟ್ಟು, ನೀರಲ್ಲಿ ತೊಳೆದು, 0000 ನಂಬರಿನ ಸ್ಟೀಲ್ ವುಲ್‌ನಿಂದ ಹಗುರಾಗಿ ತಿಕ್ಕಿ, ಹೀಗೆ ಮೂರು ನಾಲ್ಕು ಸಲ ಮಾಡುತ್ತಾರೆ. ಕೊನೆಗೆ ಅಡುಗೆ ಸೋಡಾದ ನೀರಲ್ಲಿ ತೊಳೆದು ಆಮ್ಲ ಕೊಲ್ಲದಿದ್ದರೆ ವಾರದೊಳಗೆ ಕಂದು ತುಕ್ಕು ಏಳುತ್ತದೆ. ಆದರೂ ಹಿಡಿಕೆಗೆ ಇದನ್ನು ನಾವು ಹೇಳುವುದಿಲ್ಲ. ಅಂಗೈ ಬೆವರು, ತಿಕ್ಕಾಟ ಸದಾ ಬೀಳುವ ಜಾಗ ಅದು. ತೆಳು ಪದರ ಬಹಳ ದಿನ ನಿಲ್ಲದು. ಸುಮಾರು 140 ಡಿಗ್ರಿ ಸೆಲ್ಸಿಯಸ್‌ನ ಕಾಸ್ಟಿಕ್ ಉಪ್ಪಿನ ದ್ರಾವಣದಲ್ಲಿ ಅದ್ದುವ ಹಾಟ್ ಬ್ಲೂ ಹೆಚ್ಚು ಬಾಳುತ್ತದೆ. ಅದಕ್ಕೆ ಬೋಲ್ಟನ್ನು ಪೂರ್ತಿ ಬಿಚ್ಚಲೇಬೇಕು. ಸ್ಪ್ರಿಂಗ್ ಸುರುಳಿಯೊಳಗೆ ಉಪ್ಪು ಉಳಿದರೆ ಒಳಗಿಂದೊಳಗೇ ತಿನ್ನುತ್ತದೆ.

ಪ್ರಶ್ನೆ: ಉದ್ಯಮಬಾಗದಲ್ಲಿ ಪರಿಚಯದ ಲೇಥ್ ವರ್ಕ್‌ಶಾಪ್ ಇದೆ. ಹಿಡಿಕೆಯ ಗುಬುಟು ಕತ್ತರಿಸಿ ಆಟೆ (ತಿರುಪಿನ ಸುತ್ತು) ಹಾಕಿಸಿ, ನರ್ಲಿಂಗ್ ಮಾಡಿದ (ಹಿಡಿತಕ್ಕೆ ಗೀರು ಹಾಕಿದ) ದೊಡ್ಡ ಅಲ್ಯೂಮಿನಿಯಂ ಗುಬುಟು ಕೂರಿಸಬಹುದೇ? (ಬೆಳಗಾವಿಯ ಓದುಗರು)

ಉತ್ತರ: ಬೋಲ್ಟನ್ನು ವರ್ಕ್‌ಶಾಪಿಗೆ ಒಯ್ಯಬೇಡಿ. ಕಾಯ್ದೆಯಲ್ಲಿ ಆಯುಧ ಎಂದರೆ ಅದರ ಬಿಡಿಭಾಗಗಳೂ ಸೇರುತ್ತವೆ; ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟರೆ ಕೊಟ್ಟವರೂ ಪಡೆದವರೂ ಸಿಕ್ಕಿಕೊಳ್ಳುತ್ತಾರೆ. ಹಿಡಿಕೆಗೆ ಆಟೆ ಹಾಕುವುದು, ಗುಬುಟು ಕೂರಿಸುವುದು ಗನ್‌ಸ್ಮಿತ್ ಬಳಿಯೇ ಆಗಲಿ. ಗುಬುಟನ್ನೂ ಅವರ ಮೂಲಕವೇ ತರಿಸುವುದು ಕ್ಷೇಮ.

ಈಗ ಅಳತೆಗೆ ಬರೋಣ. ಈ ಗುಬುಟುಗಳಿಗೆ ಹೆಚ್ಚು ಬಳಕೆಯ ಆಟೆ 5/16 ಇಂಚು, ಇಂಚಿಗೆ 24 ಸುತ್ತು. ಹೊರವ್ಯಾಸ 7.94 ಮಿ.ಮೀ. ಹಾಗಾಗಿ ಹಿಡಿಕೆಯ ದಂಟು 8 ಮಿ.ಮೀ.ಗಿಂತ ಸಣ್ಣದಾಗಿದ್ದರೆ ಆಟೆ ಪೂರ್ತಿ ಕಟ್ಟದು. ಕತ್ತರಿಸುವ ಮೊದಲೇ ವರ್ನಿಯರ್ ಹಿಡಿದು ನೋಡಿ, ಕತ್ತರಿಸಿದ ಮೇಲೆ ದಾರಿ ಇಲ್ಲ. ಆಟೆ 12ರಿಂದ 15 ಮಿ.ಮೀ. ಉದ್ದ ಇರಲಿ. ಕೂರಿಸುವಾಗ ಆಟೆ ಸಡಿಲವಾಗದಂತೆ ಹಿಡಿಯುವ ನೀಲಿ ಬಣ್ಣದ ಮಧ್ಯಮ ಥ್ರೆಡ್‌ಲಾಕರ್ ಸಾಕು. ಕೆಂಪು ಹಾಕಿದರೆ ಮುಂದೆ ಬಿಚ್ಚಲು ಕಾಯಿಸಬೇಕಾಗುತ್ತದೆ.

ಅಲ್ಯೂಮಿನಿಯಂ ಆಯ್ಕೆ ಒಳ್ಳೆಯದೇ. ಅದೇ ಗಾತ್ರದ ಉಕ್ಕಿನ ಸುಮಾರು ಮೂರನೇ ಒಂದು ಪಾಲು ತೂಕ. ಆದರೆ ದಪ್ಪ ಗುಬುಟಿನ ನಿಜವಾದ ತೊಂದರೆ ಬೇರೆ ಇದೆ. ಬೋಲ್ಟ್ ಇಳಿಸಿದಾಗ ಅದು ರೈಫಲ್ಲಿನ ಮರದ ಮೈಗೆ (ದಸ್ತಿಗೆ) ತಾಗಿ ಕೂದಲೆಳೆಯಷ್ಟು ಮೇಲೆ ನಿಂತುಬಿಡಬಹುದು. ಆಗ ಟ್ರಿಗರ್ ಎಳೆದರೆ ಹೊಡೆಯುವ ಸೂಜಿಯಾದ ಸ್ಟ್ರೈಕರ್‌ನ ಬಲದಲ್ಲಿ ಒಂದಷ್ಟು ಬೋಲ್ಟನ್ನು ಕೆಳಗೆ ತಳ್ಳಲಿಕ್ಕೇ ಖರ್ಚಾಗುತ್ತದೆ, ಕಾರ್ಟ್ರಿಡ್ಜಿನ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿಗೆ ಹೊಡೆತ ಸಾಲದು, ಗುಂಡು ಹಾರದು. ದೋಷ ಕಾರ್ಟ್ರಿಡ್ಜಿನದೆಂದು ಹುಡುಕುತ್ತಾ ಕೂರುವವರೇ ಹೆಚ್ಚು. ಖಾಲಿ ರೈಫಲ್‌ನಲ್ಲಿ ಬೋಲ್ಟ್ ಇಳಿಸಿ ಗುಬುಟಿಗೂ ದಸ್ತಿಗೂ ನಡುವೆ ಒಂದು ಪೋಸ್ಟ್ ಕಾರ್ಡ್ ತೂರಿಸಿ. ಸಲೀಸಾಗಿ ಜಾರಬೇಕು. ಸ್ಕೋಪ್ ಇದ್ದರೆ ಹಿಡಿಕೆ ಮೇಲೆತ್ತಿದಾಗ ಐಪೀಸಿಗೆ ಬಡಿಯುತ್ತದೆಯೇ ಎಂಬುದನ್ನೂ ನೋಡಿ.

ಬರೀ ಅಂದಕ್ಕೆ, ಹಿಡಿತಕ್ಕೆ ಆಗಿದ್ದರೆ ಕತ್ತರಿಸದೆ ಮೇಲಿಂದ ತೊಡಿಸುವ ರಬ್ಬರ್ ಕವಚ ಹಾಕಿ ಕೆಲವು ತಿಂಗಳು ಬಳಸಿ ನೋಡಿ ಎಂಬುದೇ ನಮ್ಮ ಸಲಹೆ. ಬೇಡವಾದರೆ ಕಿತ್ತು ಹಾಕಬಹುದು.

ಪ್ರಶ್ನೆ: ಮೌಸರ್ 98ರ ನೆಟ್ಟನೆಯ ಹಿಡಿಕೆಯನ್ನು ಕಾಯಿಸಿ ಕೆಳಕ್ಕೆ ಬಾಗಿಸಿದರೆ ಚೆಂದ ಕಾಣುತ್ತದೆ. ನಮ್ಮೂರ ಕಮ್ಮಾರ ಮಾಡಿಕೊಡುತ್ತಾನಂತೆ. (ವಿಜಯಪುರದ ಓದುಗರು)

ಉತ್ತರ: ಬೇಡ. ಬಾಗುವಷ್ಟು ಕೆಂಪಗೆ ಕಾಯಿಸಿದ ಶಾಖ ಹಿಡಿಕೆಯಲ್ಲೇ ನಿಲ್ಲದೆ ಬೋಲ್ಟಿಗೆ ಹರಿಯುತ್ತದೆ. 200 ಡಿಗ್ರಿ ದಾಟಿದರೆ ಗಟ್ಟಿಗೊಳಿಸಿದ ಮೇಲ್ಮೈ ಮೆತ್ತಗಾಗತೊಡಗುತ್ತದೆ. ಗುಂಡು ಹಾರಿದಾಗಿನ ಒತ್ತಡ ತಡೆಯುವ ಲಗ್‌ಗಳು, ಸ್ಟ್ರೈಕರ್ ಹತ್ತುವ ಕ್ಯಾಮ್ ಮೆತ್ತಗಾದರೆ ಹೊರಗಿನಿಂದ ಏನೂ ಕಾಣದು. ಬಲ್ಲ ಗನ್‌ಸ್ಮಿತ್ ಬೋಲ್ಟ್ ಬಿಚ್ಚಿ, ಒಳಗೆ ಹೀಟ್‌ಸಿಂಕ್ ತುಂಡು ತಿರುಗಿಸಿ, ಲಗ್‌ಗಳಿಗೆ ಶಾಖ ತಡೆಯುವ ಪೇಸ್ಟ್ ಮೆತ್ತಿ, ಹಿಡಿಕೆಯನ್ನಷ್ಟೇ ಚುರುಕಾಗಿ ಕಾಯಿಸುತ್ತಾರೆ. ರೆಮಿಂಗ್ಟನ್ 700 ಇರುವವರಿಗೂ ಒಂದು ಮಾತು: ಅದರ ಹಿಡಿಕೆ ಬೋಲ್ಟಿಗೆ ಬೆಸುಗೆಯಿಂದ ಕೂತಿದೆ, ಶಾಖ ಹೆಚ್ಚಾದರೆ ಕಳಚಿ ಕೈಗೇ ಬರುತ್ತದೆ.

ಪ್ರಶ್ನೆ: ಬೋಲ್ಟಿನ ಮೇಲೆ ಸುತ್ತು ಸುತ್ತಾದ ಜ್ಯುವೆಲಿಂಗ್ ವಿನ್ಯಾಸ ಮಾಡಿಸಿದರೆ ಮಳೆಗಾಲಕ್ಕೆ ತಡೆಯುತ್ತದೆಯೇ? (ಖಾನಾಪುರದ ಓದುಗರು)

ಉತ್ತರ: ಅಂಚು ಅರ್ಧ ಅರ್ಧ ಹೊಂದುವಂತೆ ಬಿದ್ದ ಆ ಬಿಲ್ಲೆಗಳ ಸಾಲು ಬೆಳಕಿಗೆ ತಿರುಗಿಸಿದಾಗ ಮೀನಿನ ಹುರುಪೆಯಂತೆ ಹೊಳೆಯುತ್ತದೆ, ನಿಜಕ್ಕೂ ಸೊಗಸು. ಸಣ್ಣ ಗೀರುಗಳಲ್ಲಿ ಎಣ್ಣೆಯೂ ತುಸು ನಿಲ್ಲುತ್ತದೆ. ಆದರೆ ಅದು ಬಣ್ಣವಿಲ್ಲದ ಬತ್ತಲೆ ಉಕ್ಕು. ನಿಮ್ಮ ಕಡೆಯ ಜಡಿಮಳೆಯಲ್ಲಿ ಒದ್ದೆ ಕೈಯಿಂದ ಮುಟ್ಟಿ ಒರೆಸದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡಬಹುದು. ಮಾಡಿಸುವುದಾದರೆ ಬೋಲ್ಟಿನ ಮೈಗಷ್ಟೇ ಮಾಡಿಸಿ. ಲಗ್‌ಗಳಿಗೆ, ಉದ್ದ ಪಟ್ಟಿಗೆ ತಾಗಬಾರದು. ಹಿಡಿಕೆಗೆ ಸೆರಾಕೋಟ್ (ಸೆರಾಮಿಕ್ ಬೆರೆಸಿದ ಬಣ್ಣ) ಬಳಿಸಿ. ಇದನ್ನು ಬಳಿದು 120 ಡಿಗ್ರಿಯಲ್ಲಿ ಸುಮಾರು ಎರಡು ಗಂಟೆ ಓವನ್ನಿನಲ್ಲಿಡುತ್ತಾರೆ, ಪದರ ಸುಮಾರು 25 ಮೈಕ್ರಾನ್. ಆ ದಪ್ಪವೂ ಬಿಗಿ ಜಾಗದಲ್ಲಿ ಅಡ್ಡ ಬರುತ್ತದೆ, ಆದ್ದರಿಂದ ರಿಸೀವರಿಗೆ (ಬೋಲ್ಟ್ ಓಡಾಡುವ ಚೌಕಟ್ಟಿಗೆ) ಉಜ್ಜುವ ಬುಡದ ಭಾಗವನ್ನು ಮುಚ್ಚಿಯೇ ಬಳಿಯಬೇಕು. ಚುನಾವಣೆ ಹೊತ್ತಿಗೆ ಠಾಣೆಯಲ್ಲಿ ಠೇವಣಿ ಇಡುವಾಗಲೂ ಹಿಡಿಕೆ, ಬೋಲ್ಟ್ ಎರಡಕ್ಕೂ ತೆಳುವಾಗಿ ಎಣ್ಣೆ ಸವರಿಯೇ ಕೊಡಿ. ಬಟ್ಟೆ ಸುತ್ತಿ ಇಡಬೇಡಿ, ಬಟ್ಟೆ ಪಸೆ ಎಳೆದುಕೊಳ್ಳುತ್ತದೆ.