ಬರಹಗಾರರಿಗೆ ಸಲಹೆ: ಏಳನೇ ಪ್ಯಾರಾದಿಂದ ಶುರು ಮಾಡಿ

ನಮಸ್ಕಾರ. ಮಿದುಳಿನ ಗ್ಲಿಯಾ ಕೋಶಗಳ ಬಗ್ಗೆ ನೀವು ಕಳಿಸಿದ ಲೇಖನ ‘ಮಿದುಳಿನ ಸೈನಿಕರು’ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗದು. ಹಾಗಂತ ‘ವಿಷಾದಿಸುತ್ತೇವೆ’ ಎಂದು ವಾಪಸು ಮಾಡುವ ಲೇಖನವೂ ಅಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳು ಸಂಖ್ಯೆಯಲ್ಲಿ ಅವುಗಳ ಹತ್ತು ಪಟ್ಟು ಎಂದಿದ್ದೀರಿ. ಅದು ಹಳೆಯ ಪಠ್ಯಪುಸ್ತಕಗಳ ಮಾತು. 2009ರಲ್ಲಿ ಪ್ರಕಟವಾದ ಎಣಿಕೆಯಂತೆ ಮನುಷ್ಯರ ಮಿದುಳಿನಲ್ಲಿ ನರಕೋಶಗಳು ಸುಮಾರು 8,600 ಕೋಟಿ, ಉಳಿದ ಕೋಶಗಳೆಲ್ಲ ಸೇರಿ ಹೆಚ್ಚುಕಡಿಮೆ ಅಷ್ಟೇ.

ನಿಮ್ಮ ನಿಜವಾದ ವಿಷಯ ಏಳನೇ ಪ್ಯಾರಾದಲ್ಲಿದೆ: ಇಲಿಯ ಮುಖದ ನರ ಕತ್ತರಿಸಿದ ಪ್ರಯೋಗ. ಕತ್ತರಿ ಆಡಿದ್ದು ತಲೆಬುರುಡೆಯ ಹೊರಗೆ. ಮಿದುಳನ್ನು ಯಾರೂ ಮುಟ್ಟಿಲ್ಲ. ಆದರೂ ಆ ನರದ ಮೂಲಕೋಶಗಳಿರುವ ಮಿದುಳಕಾಂಡದಲ್ಲಿ ಕೆಲವೇ ದಿನಗಳಲ್ಲಿ ಮೈಕ್ರೋಗ್ಲಿಯಾಗಳು (ಮಿದುಳನ್ನು ಕಾಯುವ ಗ್ಲಿಯಾ, ನಿಮ್ಮ ‘ಸೈನಿಕರು’) ಹೆಚ್ಚುತ್ತವೆ, ನರಕೋಶದ ಮೈಗೆ ಒತ್ತಿಕೊಂಡು ಕೂರುತ್ತವೆ. ಅಲ್ಲಿ ಅಂಟಿದ್ದ ಸಿನಾಪ್ಸ್ ತುದಿಗಳು, ಅಂದರೆ ಬೇರೆ ನರಕೋಶಗಳು ಸಂದೇಶ ದಾಟಿಸುವ ತುದಿಗಳು, ಕಳಚಿಕೊಳ್ಳುತ್ತವೆ. 1968ರಲ್ಲಿ ವಿಜ್ಞಾನಿಗಳಾದ ಬ್ಲಿಂಟ್ಸಿಂಗರ್ ಮತ್ತು ಕ್ರೊಯ್ಟ್ಸ್‌ಬರ್ಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಇದನ್ನೇ. ಲೇಖನ ಇಲ್ಲಿಂದ ಶುರುವಾಗಲಿ.

‘ಸೈನಿಕರು ಶತ್ರುವಿನ ಮೇಲೆ ಮುಗಿಬೀಳುತ್ತಾರೆ’ ಎಂದು ಬರೆದಿದ್ದೀರಿ. ಯಾವ ಶತ್ರು? ಅಲ್ಲಿ ರೋಗಾಣುವೂ ಇಲ್ಲ, ರಕ್ತವೂ ಸೋರಿಲ್ಲ. ಸಿನಾಪ್ಸ್ ಕೀಳುವುದು ಮೈಕ್ರೋಗ್ಲಿಯಾಗಳೇ ಎಂದೂ ಖಚಿತವಾಗಿ ಹೇಳಬೇಡಿ. ಅವು ಹೆಚ್ಚದಂತೆ ತಡೆದಾಗಲೂ ಸಿನಾಪ್ಸ್‌ಗಳು ಕಳಚಿದ ಪ್ರಯೋಗಗಳಿವೆ. ಮುಂದಿನ ವಾರಗಳಲ್ಲಿ ಆಸ್ಟ್ರೋಸೈಟ್‌ಗಳು ಎಂಬ ಇನ್ನೊಂದು ಬಗೆಯ ಗ್ಲಿಯಾ ತೆಳುಪದರಗಳಾಗಿ ನರಕೋಶವನ್ನು ಸುತ್ತಿಕೊಳ್ಳುವುದನ್ನು ನೀವು ಬಿಟ್ಟೇಬಿಟ್ಟಿದ್ದೀರಿ.

ಇನ್ನು ನರದ ದಾರಿ ಬದಲಿಸುವ ಶಸ್ತ್ರಚಿಕಿತ್ಸೆ. ಇಷ್ಟು ಒಳ್ಳೆಯ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದು ನೋಡಿ ಹೊಟ್ಟೆ ಉರಿಯಿತು! ಮುಖದ ನರ ಕೆಟ್ಟಾಗ ನಾಲಿಗೆಯ ನರವನ್ನು ಕತ್ತರಿಸಿ, ಮುಖದ ನರದ ಹೊರತುದಿಗೆ ಹೊಲಿಯುತ್ತಾರೆ. ತಂತುಗಳು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯುವುದರಿಂದ ತಿಂಗಳುಗಟ್ಟಲೆ ಕಾಯಬೇಕು. ಆಮೇಲೂ ರೋಗಿ ನಗಬೇಕೆಂದರೆ ನಾಲಿಗೆಯನ್ನು ಹಲ್ಲಿಗೆ ಒತ್ತಿ ಅಭ್ಯಾಸ ಮಾಡಬೇಕು. ನರವನ್ನು ಪೂರ್ತಿ ಕತ್ತರಿಸಿದ್ದರೆ ಆ ಬದಿಯ ಅರ್ಧ ನಾಲಿಗೆ ಸೊರಗುತ್ತದೆ. ಮಿದುಳಕಾಂಡದಲ್ಲಿ ಈಗ ಗ್ಲಿಯಾ ಏಳುವ ಜಾಗ ಎರಡು: ಸ್ನಾಯು ಕಳೆದುಕೊಂಡ ಮುಖದ ನರದ ಮೂಲಕೋಶಗಳ ಸುತ್ತ ಒಂದು, ಹೊಸ ಸ್ನಾಯು ಹುಡುಕುತ್ತಿರುವ ನಾಲಿಗೆಯ ನರದ ಮೂಲಕೋಶಗಳ ಸುತ್ತ ಇನ್ನೊಂದು. ತಂತು ಸ್ನಾಯುವನ್ನು ಮುಟ್ಟಿದ ಮೇಲೆ ಸಾಮಾನ್ಯವಾಗಿ ಗ್ಲಿಯಾ ತಣ್ಣಗಾಗುತ್ತದೆ, ಸಿನಾಪ್ಸ್‌ಗಳು ಬಹುಮಟ್ಟಿಗೆ ಮರಳುತ್ತವೆ. ಇದಕ್ಕೆ ಎರಡು ಪುಟ ಕೊಡಿ.

ಕೊನೆಯಲ್ಲಿರುವ ‘ಇನ್ನು ಕೆಲವೇ ವರ್ಷಗಳಲ್ಲಿ ಸ್ಟೆಮ್ ಸೆಲ್‌ನಿಂದ ಎಲ್ಲವೂ ಸರಿಹೋಗಲಿದೆ’ ಬೇಡವೇ ಬೇಡ. ನಮ್ಮ ಓದುಗರಲ್ಲಿ ಮುಖ ಸೊಟ್ಟಗಾದವರೂ ಇರುತ್ತಾರೆ. ತಿದ್ದಿ ಕಳಿಸಿ, ಸಾವಿರದ ಇನ್ನೂರು ಪದ ಮೀರದಿರಲಿ.