‘ನಾಳೆ ಬಾ’ ಅಂತ ಬರೆದ ಬಾಗಿಲುಗಳು

ಹೋದ ಸಂಚಿಕೆಯಲ್ಲಿ ‘ಮಾಡ್ಬೇಕು ಅಂದ್ಕೊಂಡು ಮಾಡದೇ ಉಳಿದಿರೋದು ಏನು’ ಅಂತ ಕೇಳಿದ್ದೆ, ಅದಕ್ಕೆ ಬಂದಿರೋ ಪತ್ರ, ಮೇಲು, ವಾಟ್ಸಾಪು ನೋಡಿ ನಂಗೆ ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಬಾಗಿಲುಗಳು ನೆನಪಾದ್ವು. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತೆ ಅಂತ ಗುಲ್ಲೆದ್ದು ಎಲ್ಲರೂ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ರಲ್ಲ, ದೆವ್ವ ದಿನಾ ಬಂದು ಓದ್ಕೊಂಡು ದಿನಾ ವಾಪಸ್ ಹೋಗ್ತಿತ್ತಂತೆ. ದೆವ್ವಕ್ಕೆ ಮಾಡಿದ ಮೋಸವನ್ನೇ ನಾವು ನಮ್ಮ ಆಸೆಗಳಿಗೂ ಮಾಡ್ತಿದೀವಿ ಅನ್ನಿಸ್ತು. ಇರ್ಲಿ, ಪತ್ರಗಳಿಗೆ ಬರೋಣ. ಹೆಸರು ಹಾಕ್ಬೇಡಿ ಅಂದವರೇ ಜಾಸ್ತಿ, ಹಂಗಾಗಿ ಊರು ಮಾತ್ರ ಹಾಕಿದೀನಿ.

ಮೇಡಂ ನಮಸ್ಕಾರ್ರಿ. ನನ್ನ ಖಡಕ್ ರೊಟ್ಟಿ ಅಂದ್ರ ಓಣ್ಯಾಗ ಎಲ್ಲಾರ್ಗೂ ಭಾಳ ಸೇರ್ತಾವ. ರೊಟ್ಟಿ ಬಿಸಿನೆಸ್ ಮಾಡ್ಬೇಕಂತ ಎರಡು ವರ್ಷದಿಂದ ತಲ್ಯಾಗ ಐತಿ. ಹೆಸರು ಇಟ್ಟೀನಿ, ತಮ್ಮ ಲೋಗೋ ಮಾಡಿ ಕೊಟ್ಟಾನ, ಇನ್‌ಸ್ಟಾಗ್ರಾಂ ಪೇಜೂ ಐತಿ, ರೊಟ್ಟಿ ಮಷಿನ್ ವಿಡಿಯೋ ನೋಡಿ ನೋಡಿ ಸಾಕಾಗೇತಿ. ಮಷಿನ್‌ಗೆ ಮೂರು ಲಕ್ಷ ಸಾಲ ತಗೋಬೇಕಂತೀನಿ, ಮನ್ಯಾವ್ರು ‘ನೋಡೂಣು’ ಅಂತಾರ. ಇಲ್ಲಿ ಜೋಳ ಕೆಜಿಗೆ 45, ಗಿರಣ್ಯಾಗ ಬೀಸಾಕ 5 ರೂಪಾಯಿ, ಕೆಜಿಗೆ ನನ್ನ ಕೈಯಾಗ 20 ರೊಟ್ಟಿ ಆಗ್ತಾವ. ಯಾವಾಗ ಶುರು ಮಾಡ್ಲಿ?
— ಗದಗ ಹತ್ತಿರದ ಹಳ್ಳಿ

ಅಕ್ಕಾ, ಹೆಸರು, ಲೋಗೋ, ಪೇಜು ಎಲ್ಲಾ ಐತಿ, ರೊಟ್ಟಿ ಒಂದೂ ಮಾರಿಲ್ಲ! ಬೈತಿಲ್ಲ, ನಿಮ್ಮಂಥೋರ ಪತ್ರ ಈ ಸಲ ಒಂದು ಕಟ್ಟು ಬಂದಿದೆ. ಲೋಗೋ ಮಾಡ್ಸಿದ ದಿನ ಮನಸ್ಸಿಗೆ ಏನೋ ಕೆಲಸ ಆದಂಗೆ ಅನ್ಸುತ್ತೆ, ಆ ಖುಷಿಯಲ್ಲಿ ಒಂದು ತಿಂಗಳು ತಳ್ಳಬಹುದು, ಆಮೇಲೆ ಪೇಜು ಓಪನ್ ಮಾಡಿದ್ರೆ ಇನ್ನೊಂದು ತಿಂಗಳು, ಹಿಂಗೆ ಎರಡು ವರ್ಷ ಹೋಗಿದ್ದೇ ಗೊತ್ತಾಗಿಲ್ಲ ನಿಮಗೆ. ಈ ಕೆಲಸ ಯಾವುದ್ರಲ್ಲೂ ಯಾರೂ ನಿಮಗೆ ‘ಬೇಡ’ ಅನ್ನೋ ಛಾನ್ಸೇ ಇಲ್ಲ ನೋಡಿ, ಅದಕ್ಕೇ ಅವು ಸಲೀಸು. ಖಾನಾವಳಿ ಬಾಗಿಲಿಗೆ ಹೋಗಿ ‘ನನ್ನ ರೊಟ್ಟಿ ತಗೋತೀರೇನ್ರಿ’ ಅಂತ ಕೇಳೋದು ಕಷ್ಟ.

ಮೊದ್ಲು ಲೆಕ್ಕ ಹಾಕೋಣ, ನಿಮ್ಮ ನಂಬರಲ್ಲೇ. ಹಿಟ್ಟು ಕೆಜಿಗೆ 50 ಬಿತ್ತು, 20 ರೊಟ್ಟಿ ಅಂದ್ರೆ ಒಂದಕ್ಕೆ ಎರಡೂವರೆ ರೂಪಾಯಿ. ಗ್ಯಾಸಿಗೆ ಒಂದು ರೂಪಾಯಿ ಅಂತ ಇಟ್ಕೊಳ್ಳಿ, ಹತ್ತು ರೊಟ್ಟಿಯ ಕವರಿಗೆ 3 ರೂಪಾಯಿ ಅಂದ್ರೆ ಒಂದಕ್ಕೆ 30 ಪೈಸೆ. ಇಲ್ಲಿಗೆ 3 ರೂಪಾಯಿ 80 ಪೈಸೆ ಆಯ್ತು, ನಮ್ಮ ಹೆಣ್ಮಕ್ಕಳು ಲೆಕ್ಕ ನಿಲ್ಸೋದೂ ಇಲ್ಲೇ. ನಿಮ್ಮ ಕೂಲಿ ಎಲ್ಲಿ ಹೋಯ್ತು ಅಕ್ಕಾ? ಗಂಟೆಗೆ 30 ರೊಟ್ಟಿ ಬಡೀತೀರಿ ಅಂದ್ಕೊಂಡು ಗಂಟೆಗೆ 60 ರೂಪಾಯಿ ಕೂಲಿ ಹಾಕಿದ್ರೂ ರೊಟ್ಟಿಗೆ 2 ರೂಪಾಯಿ ಸೇರುತ್ತೆ, ಒಟ್ಟು 5 ರೂಪಾಯಿ 80 ಪೈಸೆ. ಖಾನಾವಳಿಯವರು 5ಕ್ಕೆ ಕೊಡಿ ಅಂದ್ರೆ ‘ಅಸಲು ಬಂತಲ್ಲ’ ಅಂತ ಖುಷಿಯಾಗಿ ಒಪ್ಕೊಂಡು ಬರ್ತೀರ, ಆದ್ರೆ ಅಲ್ಲಿ ನಿಮ್ಮ ಕೂಲಿಯಲ್ಲಿ ರೊಟ್ಟಿಗೆ 80 ಪೈಸೆ ಪುಕ್ಕಟೆ ಹೋಗ್ತಿರುತ್ತೆ. 7ಕ್ಕೆ ಕಡಿಮೆ ಆದ್ರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಇನ್ನು ಮಷಿನ್ ವಿಷಯ. ಮೂರು ಲಕ್ಷದ ಸಾಲ ಈಗ ಖಂಡಿತ ಬೇಡ. ಗಿರಾಕಿ ಎಷ್ಟು ಜನ ಅಂತ ಗೊತ್ತಾಗೋ ಮುಂಚೆ ಮಷಿನ್ ತಂದ್ರೆ ನಿಮ್ಮ ಜಾಗದಲ್ಲಿ ಬ್ಯಾಂಕಿನ ಕಂತೇ ರೊಟ್ಟಿ ಬಡಿಯೋಕೆ ಶುರು ಮಾಡುತ್ತೆ. ಲಿಜ್ಜತ್ ಪಾಪಡ್ ಗೊತ್ತಲ್ಲ, 1959ರ ಮಾರ್ಚ್ 15ಕ್ಕೆ ಮುಂಬೈನ ಗಿರ್‌ಗಾಂವ್‌ನಲ್ಲಿ ಒಂದು ಕಟ್ಟಡದ ಮಾಳಿಗೆ ಮೇಲೆ ಏಳು ಜನ ಹೆಂಗಸರು ಕೂತು ಹಪ್ಪಳ ಲಟ್ಟಿಸಿದ್ರು, ಬಂಡವಾಳ ಅಂದ್ರೆ ಸಾಲ ತಂದ 80 ರೂಪಾಯಿ, ಮೊದಲ ದಿನ ಆಗಿದ್ದು ನಾಲ್ಕೇ ನಾಲ್ಕು ಪ್ಯಾಕೆಟ್ಟು. ಅವ್ರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ನಿಮ್ಮ ಕಡೆಯದ್ದೇ ಬೇಕು ಅಂದ್ರೆ ಕಲಬುರಗಿ ಹೆಣ್ಮಕ್ಕಳು ‘ಕಲಬುರಗಿ ರೊಟ್ಟಿ’ ಅಂತಲೇ ಬ್ರ್ಯಾಂಡ್ ಮಾಡಿ ದಿನಕ್ಕೆ 3000ಕ್ಕೂ ಹೆಚ್ಚು ರೊಟ್ಟಿ ಮಾಡ್ತಾರೆ ಅಂತ 2025ರ ಜೂನಿನ ಮನ್ ಕೀ ಬಾತ್‌ನಲ್ಲೂ ಬಂತು.

ನೀವೂ ನಾಲ್ಕು ಪ್ಯಾಕೆಟ್ ಮಾಡಿ. ಈ ಪತ್ರಿಕೆ ಕೈಗೆ ಬಂದ ಮೊದಲ ಸೋಮವಾರ ಬೆಳಿಗ್ಗೆ, ಮಕ್ಕಳು ಸ್ಕೂಲಿಗೆ ಹೋದ ತಕ್ಷಣ, ಎರಡು ಕೆಜಿ ಹಿಟ್ಟು ಕಲಸಿ. ಹಿಟ್ಟು ಹಳೇದಾದ್ರೆ ಜಿಗಿ ಹೋಗಿ ರೊಟ್ಟಿ ಅಂಚು ಬಿರಿಯುತ್ತೆ ಅನ್ನೋದು ನಂಗಿಂತ ನಿಮಗೇ ಚೆನ್ನಾಗಿ ಗೊತ್ತು, ಅವತ್ತಿಗೆ ಬೇಕಾದಷ್ಟೇ ಬೀಸ್ಕೊಂಡು ಬನ್ನಿ. ನಲವತ್ತು ರೊಟ್ಟಿ, ನಾಲ್ಕು ಕವರು. ಎರಡನ್ನ ಊರಿನ ಎರಡು ಖಾನಾವಳಿಗೆ, ಒಂದು ಕಿರಾಣಿ ಅಂಗಡಿಗೆ, ಇನ್ನೊಂದನ್ನ ಬೆಂಗಳೂರಲ್ಲಿರೋ ಯಾರಾದ್ರೂ ಸಂಬಂಧಿಕರಿಗೆ ಬಸ್ ಪಾರ್ಸಲ್‌ನಲ್ಲಿ ಕಳ್ಸಿ. ಯಾಕಂದ್ರೆ ಖಡಕ್ ರೊಟ್ಟಿ ಚೆನ್ನಾಗಿ ಒಣಗಿದ್ರೆ ತಿಂಗಳುಗಟ್ಟಲೆ ಕೆಡಲ್ಲ, ಕೆಡೋದು ದಾರಿಯಲ್ಲಿ, ಹತ್ತರಲ್ಲಿ ಮೂರು ಮುರಿದು ಹೋದ್ರೆ ನಿಮ್ಮ ಲಾಭ ಪುಡಿಪುಡಿ. ರಟ್ಟಿನ ಡಬ್ಬಿ ಬೇಕಾ, ಹತ್ತರ ಬದಲು ಹದಿನೈದು ಒತ್ತೊತ್ತಾಗಿ ಇಟ್ರೆ ಮುರಿಯೋದು ಕಡಿಮೆ ಆಗುತ್ತಾ, ಇದನ್ನೆಲ್ಲಾ ಯಾವ ಯೂಟ್ಯೂಬೂ ಹೇಳಲ್ಲ, ಪಾರ್ಸಲ್ ಬಿಚ್ಚಿದವರು ಫೋಟೋ ಕಳ್ಸಿದಾಗ ಗೊತ್ತಾಗೋದು. ಮೊದಲ ಹಿಟ್ಟಿನ ಖರ್ಚಿಗೆ ಗೃಹಲಕ್ಷ್ಮಿ 2000 ಬರ್ತಿದ್ರೆ ಒಂದು ತಿಂಗಳದ್ದು ಸಾಕು, ಯಾರನ್ನೂ ಕೇಳೋದು ಬೇಡ. ‘ನೋಡೂಣು’ ಅನ್ನೋ ಯಜಮಾನ್ರಿಗೂ ನೋಡೋಕೆ ಏನಾದ್ರೂ ಇರ್ಬೇಕಲ್ಲ, ಎರಡು ತಿಂಗಳ ಜಮಾ-ಖರ್ಚಿನ ಬುಕ್ಕು ತೋರ್ಸಿ.

ಕಾಗದ ಪತ್ರ ಅಂತ ಹೆದರ್ಬೇಡಿ. ಎಫ್‌ಎಸ್‌ಎಸ್‌ಎಐ ಅನ್ನೋ ಆಹಾರ ಸುರಕ್ಷತಾ ಪ್ರಾಧಿಕಾರದ ಬೇಸಿಕ್ ರಿಜಿಸ್ಟ್ರೇಷನ್ ಬೇಕೇ ಬೇಕು, ಅದರ ಫೀಸು ವರ್ಷಕ್ಕೆ 100 ರೂಪಾಯಿ, ಆನ್‌ಲೈನಲ್ಲೇ ಆಗುತ್ತೆ, 14 ಅಂಕಿಯ ನಂಬರ್ ಕೊಡ್ತಾರೆ, ಅದನ್ನ ಕವರ್ ಮೇಲೆ ಹಾಕ್ಬೇಕು, ಜೊತೆಗೆ ತೂಕ, ಪ್ಯಾಕ್ ಮಾಡಿದ ತಾರೀಖು, ಬೆಲೆ, ನಿಮ್ಮ ವಿಳಾಸ, ಸಸ್ಯಾಹಾರ ಅನ್ನೋ ಹಸಿರು ಚುಕ್ಕಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡೋ ಉದ್ಯಮ್ ರಿಜಿಸ್ಟ್ರೇಷನ್ ಫ್ರೀ, ಅದಕ್ಕೆ ಯಾರಾದ್ರೂ ದುಡ್ಡು ಕೇಳಿದ್ರೆ ಅದು ಅವರ ಜೇಬಿಗೆ. ಮುಂದೆ ನಿಜವಾಗ್ಲೂ ಆರ್ಡರ್ ತಡ್ಕೊಳ್ಳೋಕೆ ಆಗದಷ್ಟು ಬಂದಾಗ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯಲ್ಲಿ ‘ಶಿಶು’ ಅನ್ನೋ ಸಣ್ಣ ಸಾಲ 50,000ದವರೆಗೆ ಅಡಮಾನ ಇಲ್ಲದೇ ಸಿಗುತ್ತೆ, ಅಲ್ಲಿಂದ ಮೇಲಕ್ಕೆ ಹೋಗಬಹುದು. ಖಾನಾವಳಿಯವರು ಏನಂದ್ರು ಅಂತ ಮಾತ್ರ ನಂಗೆ ಬರೀರಿ. ‘ಬೇಡ’ ಅಂದಿದ್ರೂ ಬರೀರಿ.

ನನ್ನದು ಕಿರಾಣಿ ಅಂಗಡಿ, 11 ವರ್ಷ ಆಯ್ತು. ಈ ವರ್ಷ ವ್ಯಾಪಾರ ಡಬಲ್ ಮಾಡ್ಲೇಬೇಕು ಅಂತ ಗುರಿ ಇಟ್ಕೊಂಡಿದೀನಿ. ಆದ್ರೆ ಹೊಸ ಮಾಲು ತರೋಕೆ ದುಡ್ಡಿಲ್ಲ, 1 ಲಕ್ಷ 80 ಸಾವಿರ ಉದ್ರಿ ಹೊರಗಡೆ ಇದೆ. ಏನ್ ಮಾಡ್ಲಿ?
— ತಿಪಟೂರು

ಸ್ವಾಮಿ, ನೀವು ಈಗ ಡಬಲ್ ಮಾಡಿದ್ರೆ ಉದ್ರಿನೂ ಡಬಲ್ ಆಗುತ್ತೆ. ನಿಮ್ಮ ಅಂಗಡಿಯಲ್ಲೂ ‘ಇಂದು ನಗದು ನಾಳೆ ಉದ್ರಿ’ ಬೋರ್ಡ್ ಇದ್ದೇ ಇರುತ್ತೆ, ಅದು ಗಿರಾಕಿಗೆ ಹೇಳಿದ್ದು, ಓದಿದ್ದು ನೀವು ಅನ್ಸುತ್ತೆ, ವಸೂಲಿನ ನಾಳೆಗೆ ಹಾಕ್ಬಿಟ್ಟಿದೀರ.

ಈ ವರ್ಷದ ಗುರಿ ‘ಡಬಲ್’ ಅನ್ನೋದು ಬಿಟ್ಟು, ಉದ್ರಿ ಪುಸ್ತಕ ತೆಗೆದು ತಾರೀಖಿನ ಪ್ರಕಾರ ಹಾಕಿ. ಸಾಮಾನ್ಯವಾಗಿ ದೊಡ್ಡ ಮೊತ್ತದವರ ಹಿಂದೆ ಮೊದಲು ಓಡ್ತೀವಿ, ನೀವು ಹಳೇ ಬಾಕಿ ಮೊದಲು ನೋಡಿ. ಯಾಕಂದ್ರೆ 1963ರ ಕಾಲಮಿತಿ ಕಾಯ್ದೆ ಪ್ರಕಾರ ಮಾರಿದ ಸಾಮಾನಿನ ಬಾಕಿಗೆ ಕೋರ್ಟಿಗೆ ಹೋಗೋಕೆ ಇರೋದು ಮೂರೇ ವರ್ಷ. ಆ ಮೂರು ವರ್ಷದ ಒಳಗೆ ಗಿರಾಕಿ ‘ಇಷ್ಟು ಬಾಕಿ ಇದೆ’ ಅಂತ ಬರೆದು ಸಹಿ ಮಾಡಿ ಕೊಟ್ರೆ, ಅಲ್ಲಿಂದ ಮತ್ತೆ ಮೂರು ವರ್ಷ ಹೊಸದಾಗಿ ಶುರು ಆಗುತ್ತೆ. ಒಂದಿಷ್ಟು ದುಡ್ಡು ಕಟ್ಟಿದ್ರೂ ಹಂಗೇ, ಆದ್ರೆ ಅವರ ಕೈಬರಹ ಅಥವಾ ಸಹಿ ಇರ್ಬೇಕು. ಕೋರ್ಟು ಕಚೇರಿ ಯಾರಿಗೆ ಬೇಕು ಹೇಳಿ, ಆದ್ರೆ ಪುಸ್ತಕದಲ್ಲಿ ಒಂದು ಸಹಿ ಹಾಕ್ಸೋದೇ ಅರ್ಧ ವಸೂಲಿ ಇದ್ದಂಗೆ, ಸಹಿ ಹಾಕಿದವನಿಗೆ ರಾತ್ರಿ ಅದು ನೆನಪಾಗುತ್ತೆ.

ಗುರುವಾರ ಮಧ್ಯಾಹ್ನ ಮೂರು ಗಂಟೆ, ಅಂಗಡಿ ಖಾಲಿ ಇರೋ ಹೊತ್ತು, ಐದು ಜನಕ್ಕೆ ಫೋನು. ಪ್ರತಿ ಗುರುವಾರ. ‘ಅಣ್ಣಾ ಯಾವಾಗ ಕೊಡ್ತೀರ’ ಅಂತ ಕೇಳಿದ್ರೆ ‘ನಾಳೆ’ ಅಂತಾರೆ, ‘ಈ ತಿಂಗಳು ಎಷ್ಟು ಕೊಡ್ತೀರ, 500ಆ, 1000ಆ’ ಅಂತ ಕೇಳಿ. ಮಾಲು ನಿಲ್ಲಿಸ್ಬೇಡಿ, ಹಳೇದು ಸ್ವಲ್ಪ ಕಟ್ಟಿದವರಿಗೆ ನಗದಿಗೆ ಹೊಸದು ಕೊಡಿ, ಇಲ್ಲಾಂದ್ರೆ ಅವರು ಮುಖ ತಪ್ಪಿಸ್ಕೊಂಡು ಎದುರು ಅಂಗಡಿಗೆ ಹೋಗ್ತಾರೆ, ನಿಮಗೆ ದುಡ್ಡೂ ಇಲ್ಲ ಗಿರಾಕಿನೂ ಇಲ್ಲ.

ವಯಸ್ಸು 47, ಶುಗರ್ ಬಾರ್ಡರಲ್ಲಿದೆ. ಜಿಮ್‌ಗೆ ವರ್ಷಕ್ಕೆ 12,000 ಕಟ್ಟಿ ಹೋಗಿದ್ದು ಒಂಬತ್ತೇ ದಿನ. 21 ದಿನ ಬಿಡದೇ ಮಾಡಿದ್ರೆ ಅಭ್ಯಾಸ ಆಗುತ್ತಂತೆ, ನಂಗೆ ಮೋಟಿವೇಷನ್ ಸಾಲ್ತಿಲ್ಲ ಅನ್ಸುತ್ತೆ.
— ಮೈಸೂರು

ಮೋಟಿವೇಷನ್ ನಿಮಗೆ ಧಾರಾಳ ಇದೆ, 12,000 ರೂಪಾಯಿಯಷ್ಟು. ಇಂಗ್ಲೆಂಡಲ್ಲಿ 2002ರಲ್ಲಿ ಕಾಲೇಜು ಹುಡುಗ ಹುಡುಗೀರು 248 ಜನರ ಮೇಲೆ ಒಂದು ಪ್ರಯೋಗ ಪ್ರಕಟ ಆಯ್ತು. ವಾರದಲ್ಲಿ ಒಂದು ಸಲ 20 ನಿಮಿಷ ವ್ಯಾಯಾಮ ಮಾಡ್ತಾರಾ ಅಂತ ನೋಡೋದು ಅಷ್ಟೇ. ಸುಮ್ನೆ ಬಿಟ್ಟವರಲ್ಲಿ ನೂರಕ್ಕೆ 38 ಜನ ಮಾಡಿದ್ರು, ಹೃದಯಕ್ಕೆ ಒಳ್ಳೇದು ಅಂತ ಉಪದೇಶ ಓದಿಸಿದವರಲ್ಲಿ 35, ಅಂದ್ರೆ ಉಪದೇಶದಿಂದ ಉಪಯೋಗವೇ ಆಗ್ಲಿಲ್ಲ! ಅದೇ ಉಪದೇಶದ ಜೊತೆ ‘ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ’ ಅಂತ ಬರೆಸಿಕೊಂಡ ಗುಂಪಲ್ಲಿ 91. ನಾನು ಅಂಕಣದಲ್ಲಿ ಉಪದೇಶ ಕಡಿಮೆ ಮಾಡಿದ್ದು ಇದನ್ನ ಓದಿದ ಮೇಲೇನೇ.

21 ದಿನದ ಲೆಕ್ಕ ಬಿಡಿ. ಲಂಡನ್ನಿನಲ್ಲಿ 96 ಜನರನ್ನ 12 ವಾರ ನೋಡಿದಾಗ ಒಂದು ಅಭ್ಯಾಸ ತಾನಾಗೇ ಆಗೋಕೆ ಸರಾಸರಿ 66 ದಿನ ಬೇಕು ಅಂತ ಬಂತು, ಕೆಲವರಿಗೆ 18ಕ್ಕೇ ಆಯ್ತು, ಇನ್ನು ಕೆಲವರ ಲೆಕ್ಕ 254ರವರೆಗೂ ಹೋಯ್ತು. ಮಧ್ಯೆ ಒಂದಿನ ತಪ್ಪಿದ್ರೆ ಏನೂ ಮುಳುಗಿ ಹೋಗಲ್ಲ ಅಂತಲೂ ಗೊತ್ತಾಯ್ತು. ನಮ್ಮಲ್ಲಿ ಆರಂಭಶೂರರು ಬೀಳೋದು ಇಲ್ಲೇ, ಹತ್ತನೇ ದಿನ ಮದುವೆ ಮನೆಗೆ ಹೋಗಿ ತಪ್ಪಿಸ್ಕೊಂಡ್ರೆ ‘ಹೋಯ್ತು ಬಿಡು’ ಅಂತ ಹನ್ನೊಂದಕ್ಕೂ ಎದ್ದೇಳಲ್ಲ.

ಜಿಮ್ಮು ಮರೀರಿ. ಬೆಳಿಗ್ಗೆ ಕಾಫಿ ಲೋಟ ತೊಳೆದಿಟ್ಟ ತಕ್ಷಣ ಚಪ್ಪಲಿ ಅಲ್ಲ ಶೂ, ಕುಕ್ಕರಹಳ್ಳಿ ಕೆರೆ ನಿಮ್ಮೂರಲ್ಲೇ ಇದೆ, ಬಾನಾಡಿ ನೋಡ್ಕೊಂಡು ನಡೀರಿ. ಮಳೆ ಬಂದ್ರೆ ಏನು ಅಂತ ಇವತ್ತೇ ತೀರ್ಮಾನ ಮಾಡಿ, ಮನೆ ಮೆಟ್ಟಿಲೇ ಹತ್ತಿ ಇಳೀರಿ. ಡಾಕ್ಟರ್ ಹೇಳಿದ ದಿನ ರಕ್ತ ಪರೀಕ್ಷೆ ತಪ್ಪಿಸ್ಬೇಡಿ, ಅದು ಮಾತ್ರ ನನ್ನ ಅಂಕಣದಲ್ಲಿ ಬಗೆಹರಿಯೋದಲ್ಲ.

ಗುರಿನ ಎಲ್ಲರಿಗೂ ಹೇಳ್ಬೇಕಾ, ಗುಟ್ಟಾಗಿ ಇಟ್ಕೋಬೇಕಾ?
— ದಾವಣಗೆರೆ

ನಮ್ಮಜ್ಜಿ ಯಾರಾದ್ರೂ ಮನೆಯಿಂದ ಹೊರಟಾಗ ‘ಎಲ್ಲಿಗೆ’ ಅಂತ ಕೇಳೋಕೆ ಬಿಡ್ತಿರ್ಲಿಲ್ಲ, ಕೆಲಸ ಕೆಡುತ್ತೆ ಅಂತ. ಮೂಢನಂಬಿಕೆ ಅಂತ ನಗ್ತಿದ್ವಿ. 2009ರಲ್ಲಿ ಪೀಟರ್ ಗೋಲ್ವಿಟ್ಸರ್ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತವರ ಜೊತೆಯವರು ಲಾ ಓದೋ ಹುಡುಗರನ್ನೂ ಸೇರಿಸಿ ನೋಡಿದಾಗ, ‘ಒಳ್ಳೇ ಲಾಯರ್ ಆಗ್ಬೇಕು, ಅದಕ್ಕೆ ಹಿಂಗೆ ಓದ್ತೀನಿ’ ಅಂತ ಬರೆದಿದ್ದನ್ನ ಬೇರೆಯವರು ಗಮನಿಸಿದ್ರು ಅಂತ ಗೊತ್ತಾದವರು ಆಮೇಲೆ ಕೆಲಸ ಕಡಿಮೆ ಮಾಡಿದ್ರು. ಹೇಳಿ ಭೇಷ್ ಅನ್ನಿಸ್ಕೊಂಡ್ರೆ ಮನಸ್ಸಿಗೆ ಅಲ್ಲೇ ಅರ್ಧ ಲಾಯರ್ ಆದಂಗೆ ಆಗುತ್ತೆ ಅಂತ ಕಾಣುತ್ತೆ. ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ಬೇಡಿ. ಕೆಲಸ ಆಗ್ಲಿಲ್ಲ ಅಂದ್ರೆ ಮುಲಾಜಿಲ್ದೆ ಬೈಯೋ ಒಬ್ಬರಿಗೆ ಹೇಳಿ, ಸಾಮಾನ್ಯವಾಗಿ ಅದು ತಂಗಿ ಇರ್ತಾಳೆ.

ಮೇಡಂ ನೀವು ಬರೆಯೋದನ್ನ ನೀವು ಮಾಡ್ತೀರಾ?
— ಸಾಗರ

ಈ ಪ್ರಶ್ನೆ ಸಂಪಾದಕರೇ ಬೇರೆ ಹೆಸರಲ್ಲಿ ಕಳ್ಸಿರೋ ಅನುಮಾನ ಇದೆ, ನನ್ನ ಅಂಕಣ ಯಾವತ್ತೂ ಲೇಟು.

ಅಮ್ಮ ಹಾಕೋ ಮಾವಿನ ಉಪ್ಪಿನಕಾಯಿಯ ಅಳತೆ ಬರ್ಕೋಬೇಕು ಅಂತ ಆರು ವರ್ಷದಿಂದ ಅಂದ್ಕೊಳ್ತಿದ್ದೆ. ಅವಳಿಗೀಗ 81. ಎಷ್ಟು ಉಪ್ಪು ಅಂದ್ರೆ ‘ಅಂದಾಜು’, ಎಷ್ಟು ಖಾರ ಅಂದ್ರೆ ‘ಕೈಗೆ ಗೊತ್ತಾಗುತ್ತೆ’ ಅಂತಾಳೆ, ನಾನು ‘ಸರಿ ಮುಂದಿನ ವರ್ಷ’ ಅಂತಿದ್ದೆ. ಗದಗದ ಅಕ್ಕನ ಪತ್ರಕ್ಕೆ ಉತ್ತರ ಬರೆದ ಮೇಲೆ ನಾಚಿಕೆ ಆಗಿ ಹೋದ ಭಾನುವಾರ ಅಡುಗೆಮನೆಯ ತೂಕದ ಯಂತ್ರ ಬ್ಯಾಗಲ್ಲಿ ಹಾಕ್ಕೊಂಡು ಹೋದೆ. ‘ಇದೇನೇ, ಅಂಗಡಿ ಇಡ್ತೀಯಾ’ ಅಂತ ನಕ್ಳು. ಒಂದು ಹಿಡಿ ಕಲ್ಲುಪ್ಪು ತೆಗಿ ಅಂದೆ, ತಟ್ಟೆಗೆ ಹಾಕಿದ್ಳು, 62 ಗ್ರಾಂ. ಇನ್ನೊಂದು ಹಿಡಿ ಹಾಕು ಅಂದೆ, 63. ಬರ್ಕೊಂಡಿದೀನಿ. ಸಾಸಿವೆ, ಮೆಣಸಿನಪುಡಿ ಈ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ಅವಳ ಪೂಜೆ ಮುಗಿದ ಮೇಲೆ.